ಅಲ್ಲಾಡದ ವಸ್ತು

ನಮ್ಮ ಮನೆಯವರಿಗೆ ಎರಡು ವಿಷಯಗಳಲ್ಲಿ ಅಪಾರ ಜ್ಞಾನವಿತ್ತು. ಒಂದು ಸಮತೋಲನ, ಇನ್ನೊಂದು ಏಕಾಗ್ರತೆ. ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಎರಡು ಸಲ ಸೊಂಟ ಹಿಡಿದುಕೊಂಡು ಕೂತದ್ದಾಗಲಿ, ಹಾಲು ಇಟ್ಟಿದ್ದೀನಿ ನೋಡ್ಕೊಳ್ಳಿ ಎಂದು ಹೇಳಿಹೋದರೆ ಅದು ಉಕ್ಕಿ ಹರಿದು ಒಲೆ ಆರಿದ ಮೇಲೂ ಪೇಪರಿನಿಂದ ತಲೆ ಎತ್ತದಿದ್ದದ್ದಾಗಲಿ ಆ ಜ್ಞಾನದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅದು ಪೂರ್ತಿ ಗಾಲ್ಫಿಗೆ ಮೀಸಲಾಗಿತ್ತು.

ಮದುವೆಯಾದ ಮರುವರ್ಷ ನಾವು ದಾವಣಗೆರೆ ಕಡೆಯಿಂದ ಕೆಜಿಎಫ್‌ಗೆ ಬಂದವರು. ಅವರಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ, ನನಗೆ ಸ್ವಲ್ಪ ದಿನ ಬಿಟ್ಟು ಪ್ರೈಮರಿ ಶಾಲೆಯಲ್ಲಿ. ಬಂದ ಹೊಸದರಲ್ಲಿ ಭಾನುವಾರ ಮಾಡಲು ಬೇರೆ ಏನೂ ಇಲ್ಲವೆಂದು ಯಾರೋ ಇವರನ್ನು ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಗಣಿ ನಡೆಸುತ್ತಿದ್ದ ಬಿಳಿಯರು ಮಾಡಿ ಬಿಟ್ಟುಹೋದ ಮೈದಾನ ಅದು. ಟಿವಿಯಲ್ಲಿ ತೋರಿಸುವ ಹಸಿರನ್ನು ಅಲ್ಲಿ ಹುಡುಕಬಾರದು. ಮಳೆ ಬಂದರೆ ಹುಲ್ಲು ಉಂಟು, ಹಸು ಬಂದರೆ ಇಲ್ಲ. ಚೆಂಡು ಬೀಳಿಸಬೇಕಾದ ಗುಳಿಯ ಸುತ್ತ ಹುಲ್ಲುಹಾಸಿನ ಬದಲು ಎಣ್ಣೆ ಬೆರೆಸಿ ತಟ್ಟಿದ ಮರಳು. ಅದಕ್ಕೆ ಬ್ರೌನ್ ಎನ್ನುತ್ತಾರೆ. ಆಡುವ ಮುಂಚೆ ಚೆಂಡು ಉರುಳುವ ದಾರಿಯನ್ನು ಒಂದು ಹಲಗೆಯಿಂದ ಎಳೆದು ಸಮ ಮಾಡಿಕೊಳ್ಳಬೇಕು. ಮನೆಯಲ್ಲಿ ಒಂದು ದಿನವೂ ಪೊರಕೆ ಮುಟ್ಟದವರು ಅಲ್ಲಿ ಒಂದೇ ಬೆಳಿಗ್ಗೆ ಹದಿನೆಂಟು ಗುಳಿಗೆ ಹದಿನೆಂಟು ಸಲ ನೆಲ ಬಳಿದು ಬರುತ್ತಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ಬೋಳು ನೆಲದ ಮೇಲೆ ಚೆಂಡು ನಿಂತರೆ ಕೆಳಗೆ ಅಂಗೈಯಗಲದ ಚಾಪೆ ಹಾಸಿಕೊಂಡು ಹೊಡೆಯಬಹುದು. ನಮ್ಮ ಬಾಗಿಲ ಮುಂದಿನ ನಾರಿನ ಕಾಲೊರೆಸು ಒಂದು ಮೂಲೆ ಕಳೆದುಕೊಂಡದ್ದು ಹೀಗೆ. ನಾನು ತವರಿಗೆ ಹೋಗಿದ್ದಾಗ ಕತ್ತರಿಸಿ, ಬಂದ ಮೇಲೆ ಇಲಿ ಎಂದರು. ಅಷ್ಟು ನೇರವಾಗಿ ಕತ್ತರಿಸುವ ಇಲಿಯನ್ನು ನಾನು ಇನ್ನೂ ನೋಡಿಲ್ಲ.

ಮೂವತ್ತು ವರ್ಷ ಪಾಠ ಕೇಳಿದ್ದೇನೆ. "ಕಷ್ಟದ ಹೊಡೆತ ಅಂದ್ರೆ ಏನು ಗೊತ್ತೇನೇ?" ಎಂದು ಶುರುವಾಗುತ್ತಿತ್ತು. "ನೆಲ ವಾರೆ, ಚೆಂಡು ನಿನ್ನ ಕಾಲಿಗಿಂತ ಕೆಳಗೆ. ಆಗ ಮೊಣಕಾಲು ಮಡಿಸಬೇಕು, ಭಾರ ಹಿಮ್ಮಡಿ ಮೇಲೆ, ತಲೆ ಕೆಳಗೆ, ಕಣ್ಣು ಚೆಂಡಿನ ಮೇಲೆ. ತಲೆ ಎತ್ತಿದೆಯೋ, ಕೆಟ್ಟೆ." ಆ ಹೊತ್ತಿಗೆ ನಾನು ಸಾಮಾನ್ಯವಾಗಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮಹಡಿ ಮೆಟ್ಟಿಲ ಮೇಲೆ ಇರುತ್ತಿದ್ದೆ. ನನ್ನ ಮೊಣಕಾಲು ಮಡಿಸಿಯೇ ಇರುತ್ತಿತ್ತು. ಸರಿ, ಸರಿ ಎನ್ನುತ್ತಿದ್ದೆ.

ನಿವೃತ್ತಿಯಾದ ಮೇಲೆ ಬಂಗಾರಪೇಟೆಯಲ್ಲಿ ಮನೆ ಮಾಡಿದೆವು. ಸ್ಟೇಷನ್ ಹತ್ತಿರ, ಕೆಜಿಎಫ್‌ಗೆ ರೈಲಿದೆ, ಭಾನುವಾರ ತಪ್ಪುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಎರಡು ವರ್ಷ ಆ ಲೆಕ್ಕಾಚಾರ ಸರಿಹೋಯಿತು. ಮೂರನೆಯ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವರು ಹಾಗೇ ಮಂಚದ ಕಾಲು ಹಿಡಿದುಕೊಂಡು ನೆಲಕ್ಕೆ ಕೂತರು. "ಮನೆ ತಿರುಗ್ತಾ ಇದೆ, ನಿಲ್ಲಿಸು" ಎಂದರು. ಫ್ಯಾನ್ ನಿಲ್ಲಿಸುವಂತೆ ಹೇಳುವ ಧಾಟಿಯಲ್ಲೇ ಹೇಳಿದರು. ನನಗೆ ಮೊದಲು ನಗು ಬಂತು. ಆಮೇಲೆ ಅವರ ಮುಖ ನೋಡಿದೆ.

ಮೂರು ದಿನ ತಲೆ ಎತ್ತಲಾಗದೆ ಮಲಗಿದ್ದರು. ಕುಡಿಸಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕಿವಿ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಎಡಗಿವಿಯ ಒಳಗೆ ಸಮತೋಲನ ನೋಡಿಕೊಳ್ಳುವ ನರ ಕೆಲಸ ನಿಲ್ಲಿಸಿದೆ ಎಂದರು. ಪ್ರಾಣಕ್ಕೇನೂ ಅಪಾಯವಿಲ್ಲ, ಕೇಳಿಸುವುದಕ್ಕೂ ತೊಂದರೆಯಿಲ್ಲ. ಉಳಿದ ಒಂದು ಕಿವಿ, ಎರಡು ಕಣ್ಣು, ಪಾದಗಳು ಸೇರಿಕೊಂಡು ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. "ಹೆಬ್ಬೆರಳು ಮುಂದೆ ಹಿಡಿದು ಅದನ್ನೇ ನೋಡ್ತಾ ತಲೆ ಆಚೀಚೆ ತಿರುಗಿಸಿ. ದಿಂಬಿನ ಮೇಲೆ ನಿಂತು ಅಭ್ಯಾಸ ಮಾಡಿ. ನಡೆಯುವಾಗ ಮುಂದೆ ಅಲ್ಲಾಡದ ವಸ್ತು ಒಂದನ್ನ ಆರಿಸ್ಕೊಂಡು ಅದರ ಮೇಲೆ ಕಣ್ಣಿಡಿ. ತಲೆ ಬಗ್ಗಿಸೋದು ಸ್ವಲ್ಪ ದಿನ ಬೇಡ" ಎಂದರು. ಸಮತೋಲನದ ಪಂಡಿತರು ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಿದರು. ಅವರು ಏನನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮನೆಗೆ ಬಂದು ಅದರಲ್ಲಿ ಒಂದನ್ನೂ ಮಾಡಲಿಲ್ಲ. ನಡುಮನೆಯ ಮೂಲೆಯ ಬೆತ್ತದ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುವುದು ಶುರುವಾಯಿತು. ಬೀದಿಗೆ ಹೋದರೆ ತೂರಾಡುತ್ತೇನೆ, ನೋಡಿದವರು ಬೆಳಿಗ್ಗೆಯೇ ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ ಎಂಬುದು ಒಂದು ಕಾರಣ. ಕೋಲು ಹಿಡಿದರೆ ಮುದುಕ ಎನ್ನುತ್ತಾರೆ ಎಂಬುದು ಇನ್ನೊಂದು. ಗಾಲ್ಫಿನ ಗೆಳೆಯರು ಫೋನ್ ಮಾಡಿದರೆ ಕಾಲು ಉಳುಕಿದೆ ಎನ್ನುತ್ತಿದ್ದರು. ಮಾರ್ಚಿನಲ್ಲಿ ಬಲಗಾಲು ಉಳುಕಿತ್ತು, ಮೇ ಹೊತ್ತಿಗೆ ಎಡಗಾಲು. ನಾನು ಆ ಕುರ್ಚಿಗೆ ಹೆದರತೊಡಗಿದೆ. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು, ಪಾಠವಂತೂ ನಿಂತೇ ಹೋಯಿತು. ಮೂವತ್ತು ವರ್ಷ ಯಾವಾಗ ಬಾಯಿ ಮುಚ್ಚುತ್ತಾರಪ್ಪಾ ಎಂದುಕೊಂಡವಳು ನಾನು. ಮುಚ್ಚಿದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಈ ಮನುಷ್ಯ ಇನ್ನು ಆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಕಾಮಸಮುದ್ರದ ದಾರಿಯ ಹಳ್ಳಿಯೊಂದರಿಂದ ನಮಗೆ ಹಾಲು ತರುವ ಹೆಂಗಸು ಒಬ್ಬಳಿದ್ದಾಳೆ. ನನ್ನದೇ ವಯಸ್ಸು, ಮೂರು ಸೀಮೆ ಹಸು, ಯಾರಿಗೂ ಹೆದರದ ಬಾಯಿ. ಒಂದು ದಿನ ಇವರು ಗೋಡೆ ಹಿಡಿದು, ನೆಲ ನೋಡಿಕೊಂಡು ಬಚ್ಚಲಿಗೆ ಹೋಗುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

"ಏನಮ್ಮಾ, ಸಾರು ಯಾಕಂಗೆ ಕಾಲ್ ನೋಡ್ಕಂಡ್ ನಡೀತವ್ರೆ?"

ತಲೆ ಸುತ್ತುತ್ತೆ ಎಂದು ಹೇಳಿದೆ.

"ಕಾಲ್ ನೋಡಿದ್ರೆ ಸುತ್ತದೆ ಇನ್ನೇನಾಯ್ತದೆ? ನಾನು ಉಲ್ಲಿನ ಒರೆ ತಲೆ ಮ್ಯಾಲೆ ಇಕ್ಕಂಡು ಒಲದ ಬದಾ ಮ್ಯಾಲೆ ಬತ್ತೀನಿ. ಬದಾ ಈಟೇ ಅಗ್ಲ. ತಲೆ ಬಗ್ಸುದ್ನೋ, ಒರೇನೂ ಓಯ್ತು ನಾನೂ ಓದೆ. ದೂರದಾಗೆ ಉಣಸೇಮರ ಐತೆ, ಅದುನ್ನೇ ನೋಡ್ಕಂಡ್ ಬರೋದು. ಕಾಲು ಅದರ ಪಾಡಿಗೆ ಅದು ಬತ್ತದೆ." ಆಮೇಲೆ ಒಳಗೆ ಕೇಳುವಂತೆ ಕೂಗಿದಳು: "ಸಾರ್, ಕಾಲ್ ಎಲ್ಲೂ ಓಗಾಕಿಲ್ಲ ಬುಡಿ, ಅಲ್ಲೇ ಇರ್ತವೆ!"

ಬಚ್ಚಲಿನ ಬಾಗಿಲು ಧಡಕ್ಕನೆ ಮುಚ್ಚಿಕೊಂಡಿತು. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ, "ಅವಳು ಹೇಳಿದ್ದು ಡಾಕ್ಟರು ಹೇಳಿದ್ದೇ ಅಲ್ಲವಾ?" ಎಂದರು. ಹೌದು ಎಂದೆ. "ಹಂಗಾದ್ರೆ ಗಾಲ್ಫು ಮುಗೀತು" ಎಂದರು. ತಲೆ ಕೆಳಗೆ, ಕಣ್ಣು ಚೆಂಡಿನ ಮೇಲೆ ಎಂಬುದು ಅವರ ಇಡೀ ಶಾಸ್ತ್ರ. ಈಗ ಒಬ್ಬ ಡಾಕ್ಟರೂ ಒಬ್ಬ ಹಾಲಿನವಳೂ ಸೇರಿ ತಲೆ ಮೇಲೆ, ಕಣ್ಣು ದೂರ ಎನ್ನುತ್ತಿದ್ದಾರೆ. ಅವರಿಗೆ ಕಾಯಿಲೆಗಿಂತ ಇದು ದೊಡ್ಡ ಪೆಟ್ಟಾಗಿತ್ತು.

ನನಗೆ ರೇಗಿತು. "ಚೆಂಡೂ ಎಲ್ಲೂ ಹೋಗಲ್ಲ ರೀ, ನೀವು ಹೊಡೆಯೋ ತನಕ ಅಲ್ಲೇ ಇರುತ್ತೆ" ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಸಂಜೆ ನಾನು ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ ಅವರು ಕಂಪೌಂಡಿಗೆ ಒರಗಿ, ಒಂದು ಗಾಲ್ಫ್ ಕೋಲು ಹಿಡಿದು ನಿಂತಿದ್ದರು. ಐದು ತಿಂಗಳಾದ ಮೇಲೆ ಆ ಕುರ್ಚಿ ಖಾಲಿಯಾಗಿತ್ತು.

ಅವರು ಕಂಡುಕೊಂಡ ಉಪಾಯ ಇದು. ಒಂದು ಸಲ, ಒಂದೇ ಸಲ ತಲೆ ಬಗ್ಗಿಸಿ ಕೋಲನ್ನು ಚೆಂಡಿನ ಹಿಂದೆ ಇಡುವುದು. ಕಾಲು ಅಗಲ ಮಾಡಿಕೊಳ್ಳುವುದು. ಆಮೇಲೆ ನಿಧಾನವಾಗಿ ತಲೆ ಎತ್ತಿ, ಎದುರಿಗೆ ಅಲ್ಲಾಡದ ವಸ್ತುವೊಂದನ್ನು ಹಿಡಿದು, ಅದನ್ನೇ ನೋಡುತ್ತಾ ಅರ್ಧ ಬೀಸು ಬೀಸುವುದು. ಹಿತ್ತಲಲ್ಲಿ ಆ ವಸ್ತು ಪಕ್ಕದ ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕು. ಮೊದಲ ವಾರ ಕೋಲು ಗಾಳಿಗೆ ಹೋಯಿತು. ಎರಡನೆಯ ವಾರ ನನ್ನ ತುಳಸಿ ಕಟ್ಟೆಯ ಒಂದು ಇಟ್ಟಿಗೆ ಹೋಯಿತು. ಮೂರನೆಯ ವಾರ ಚೆಂಡು ಹೋಯಿತು. ಪಕ್ಕದ ಮನೆಯವರು ಮಾತ್ರ, ಈ ಯಜಮಾನರು ದಿನಾ ಸಂಜೆ ನಮ್ಮ ಟ್ಯಾಂಕನ್ನೇ ಯಾಕೆ ದುರುಗುಟ್ಟಿ ನೋಡುತ್ತಾರೆ ಎಂದು ಬಂದು ಕೇಳಿದರು. ನೀರು ಸೋರುವ ಹಾಗಿದೆ ಅದಕ್ಕೆ ಎಂದು ಹೇಳಿ ಕಳಿಸಿದೆ. ಅವರು ಪ್ಲಂಬರನ್ನು ಕರೆಸಿದರು.

ಆಗಸ್ಟಿನಿಂದ ಮೈದಾನಕ್ಕೆ ಹೋಗತೊಡಗಿದೆವು. ಯಾರೂ ಇಲ್ಲದ ವಾರದ ದಿನಗಳಲ್ಲಿ ಮಾತ್ರ. ಕಾರು ಓಡಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ರೈಲು. ಜನರಲ್ ಬೋಗಿಯಲ್ಲಿ ಗಾಲ್ಫ್ ಚೀಲ ನನ್ನ ಹೆಗಲ ಮೇಲೆ, ಅವರ ಕೈ ನನ್ನ ಇನ್ನೊಂದು ಹೆಗಲ ಮೇಲೆ. "ಎನ್ನ ಸಾರ್, ಬೋರ್ ಪೈಪಾ?" ಎಂದು ಒಬ್ಬರು ತಮಿಳಿನಲ್ಲಿ ವಿಚಾರಿಸಿದರು. ಇವರು ಗಂಭೀರವಾಗಿ ಹೌದು ಎಂದರು. ನೀರು ಎಷ್ಟು ಅಡಿಗೆ ಸಿಕ್ಕಿತು ಎಂಬ ವಿಚಾರ ಊರಿಗಾಂ ಸ್ಟೇಷನ್ ಬರುವ ತನಕ ನಡೆಯಿತು.

ಮೈದಾನದಲ್ಲಿ ಅವರು ಆರಿಸಿಕೊಂಡ ವಸ್ತು ದೂರಕ್ಕೆ ಕಾಣುವ, ನಂದಿದುರ್ಗ ಎಂದು ಕರೆಯುವ ಹಳೆ ಗಣಿಯ ಕಬ್ಬಿಣದ ಗೋಪುರ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅದು ನಿಂತೇ ಇದೆ, ಅದಕ್ಕೆ ಬೇರೆ ಕೆಲಸವಿಲ್ಲ. ಅದು ಕಾಣುವಲ್ಲೆಲ್ಲ ಇವರು ಚೆನ್ನಾಗಿ ಹೊಡೆದರು. ಗೋಪುರಕ್ಕೆ ಬೆನ್ನು ಹಾಕಿ ನಿಲ್ಲಬೇಕಾದಾಗ ಬೇರೇನಾದರೂ ಹುಡುಕಬೇಕು. ಒಂದು ದಿನ ದೂರದಲ್ಲಿ ನಿಂತಿದ್ದ ಬಿಳಿ ಹಸುವನ್ನು ಆರಿಸಿಕೊಂಡರು. ಹಸು ಬಹಳ ಹೊತ್ತಿನಿಂದ ನಿಂತಿತ್ತು ನಿಜ. ಇವರು ಕೋಲು ಎತ್ತುವುದಕ್ಕೂ ಅದು ಎರಡು ಹೆಜ್ಜೆ ನಡೆಯುವುದಕ್ಕೂ ಸರಿಹೋಯಿತು. ಹಸುವಿನ ಜೊತೆ ಇವರೂ ಎಡಕ್ಕೆ ವಾಲಿ, ನಾನು ಓಡಿ ಹಿಡಿಯಲು ಹೋಗಿ, ಇಬ್ಬರೂ ಚೀಲದ ಸಮೇತ ನೆಲಕ್ಕೆ ಬಿದ್ದೆವು. ಧೂಳು ಕೊಡವಿಕೊಂಡು ಎದ್ದ ಮೇಲೆ ಅವರು ನನ್ನ ಮೇಲೆ ಸಿಡುಕಿದರು. "ನೀನು ಓಡಿ ಬಂದೆ ಅಂತ್ಲೇ ನಾನು ಬಿದ್ದಿದ್ದು. ನನಗೆ ಹಸು ಒಂದು ಕಡೆ ಹೋಯ್ತು, ನೀನು ಒಂದು ಕಡೆ ಬಂದೆ. ಲೋಕವೇ ಎದ್ದು ಓಡಾಡಿದ್ರೆ ನಾನು ಯಾವುದನ್ನ ಹಿಡ್ಕೊಳ್ಳಲಿ?"

ಡಿಸೆಂಬರಿನಲ್ಲಿ ಪ್ರತಿ ವರ್ಷ ನಿವೃತ್ತರಿಗೂ ಕೆಲಸದಲ್ಲಿರುವವರಿಗೂ ಒಂದು ಪಂದ್ಯ ನಡೆಯುತ್ತದೆ. ಅದರಲ್ಲಿ ಆಡುತ್ತೇನೆ ಎಂದು ಹೆಸರು ಕೊಟ್ಟುಬಿಟ್ಟರು. ಬಿದ್ದರೆ ಎಂದೆ. "ನಾಲ್ಕು ಜನರ ಎದುರಿಗೆ ಬಿದ್ದರೆ ಅವತ್ತೇ ಈ ಚೀಲ ಗುಜರಿಗೆ. ಆಮೇಲೆ ನನ್ನನ್ನ ಎಲ್ಲಿಗೂ ಕರೀಬೇಡ" ಎಂದರು. ಹಾಗೆ ಹೇಳುವಾಗ ಅವರ ಕಣ್ಣು ಆ ಬೆತ್ತದ ಕುರ್ಚಿಯ ಮೇಲಿತ್ತು.

ಹೆಂಡತಿ ಯಾಕೆ ಜೊತೆಗೆ ಬರುತ್ತಾಳೆ, ಚೀಲ ಯಾಕೆ ಹೊರುತ್ತಾಳೆ ಎಂದು ಯಾರಾದರೂ ಕೇಳಬಹುದಲ್ಲ, ಅದಕ್ಕೂ ಒಂದು ಉತ್ತರ ಮೊದಲೇ ಸಿದ್ಧಮಾಡಿದ್ದರು. ಪಂದ್ಯದ ಬೆಳಿಗ್ಗೆ ನಾವು ಆಟೋದಿಂದ ಇಳಿಯುತ್ತಲೇ ಅವರ ಜೊತೆಗಾರರು ಎದುರು ಬಂದರು. ಕಾರ್ಖಾನೆಯ ಫೌಂಡ್ರಿಯಲ್ಲಿದ್ದು ನಿವೃತ್ತರಾದವರು, ಆಂಡರ್ಸನ್‌ಪೇಟೆಯ ತಮಿಳರು, ದೊಡ್ಡ ದನಿಯವರು. ಇವರು ಅವರಿಗೆ ನನ್ನನ್ನು ತೋರಿಸಿ, "ನಮ್ಮನೆಯವಳಿಗೆ ಈಗ ಗಾಲ್ಫ್ ಹುಚ್ಚು ಹಿಡಿದಿದೆ. ಬೇಡ ಅಂದ್ರೂ ಬಿಡೋದಿಲ್ಲ" ಎಂದರು. ಮೂವತ್ತು ವರ್ಷದಲ್ಲಿ ಆ ಮೈದಾನವನ್ನು ನಾನು ಬೈದಷ್ಟು ಇನ್ಯಾರೂ ಬೈದಿರಲಿಕ್ಕಿಲ್ಲ. "ಸೂಪರ್ ಮೇಡಂ!" ಎಂದು ಫೌಂಡ್ರಿಯವರು ಕೈಮುಗಿದರು. ನಾನೂ ಹಲ್ಲು ಕಿರಿದೆ. ಬೇರೆ ದಾರಿಯಿರಲಿಲ್ಲ.

ಅವತ್ತು ಮಂಜು ಬಿದ್ದಿತ್ತು. ಗೋಪುರ ಕಾಣಲಿಲ್ಲ. ಇನ್ನೊಂದು ಗಂಟೆ ಕಾದು ಶುರುಮಾಡಬಹುದಿತ್ತು, ಆದರೆ ತಿಂಡಿಯ ಪಲಾವ್ ಒಂಬತ್ತೂವರೆಗೆ ಸಿದ್ಧವಾಗುತ್ತದೆಂದು ಅಡುಗೆಯವರು ತಿಳಿಸಿದ್ದರಿಂದ ಎಲ್ಲರೂ ಆಟಕ್ಕೆ ಹೊರಟರು. ಮೊದಲ ಕೆಲವು ಗುಳಿಗಳಲ್ಲಿ ಇವರು ಹತ್ತಿರದ ಮರ, ಬಾವುಟದ ಕಂಬ ಅಂತ ಏನೇನೋ ಹಿಡಿದು ನಿಭಾಯಿಸಿದರು. ಎದುರಾಳಿಗಳು ಕಾರ್ಖಾನೆಯ ಇಬ್ಬರು ಚಿಕ್ಕ ವಯಸ್ಸಿನ ಎಂಜಿನಿಯರುಗಳು. ಇವರು ಚೆಂಡು ನೋಡದೆ ಹೊಡೆಯುವುದನ್ನು ಕಂಡು ಅವರು ಬೆರಗಾದರು. "ಸರ್, ಇದು ಹೊಸ ವಿಧಾನವಾ?" ಎಂದು ಒಬ್ಬ ಕೇಳಿದ. "ಏಕಾಗ್ರತೆ" ಎಂದರು ಇವರು. ಎಷ್ಟೋ ತಿಂಗಳ ಮೇಲೆ ಆ ಶಬ್ದ ಅವರ ಬಾಯಲ್ಲಿ ಕೇಳಿದೆ.

ಐದನೆಯ ಗುಳಿಗೆ ಹೊಡೆದ ಚೆಂಡು ಪಕ್ಕದ ದಿಣ್ಣೆಗೆ ಹೋಯಿತು. ಗಣಿಯ ಕಾಲದಲ್ಲಿ ಕಲ್ಲುಪುಡಿ ಸುರಿದು ಆದ ದಿಣ್ಣೆ, ಮೇಲೆ ಅಲ್ಲಲ್ಲಿ ಹುಲ್ಲು. ಚೆಂಡು ಅದರ ಇಳಿಜಾರಿನ ನಡುವೆ ನಿಂತಿತ್ತು. ಇವರು ಹತ್ತಿ ನಿಂತರೆ ಚೆಂಡು ಕಾಲಿಗಿಂತ ಗೇಣು ಕೆಳಗೆ, ಮುಖ ಇಳಿಜಾರಿನ ಕಡೆಗೆ. ನಾನು ಮೆಟ್ಟಿಲ ಮೇಲೆ ಬಕೆಟ್ ಹಿಡಿದು ಕೇಳುತ್ತಿದ್ದ ಪಾಠ ಅಕ್ಷರಶಃ ಎದುರಿಗೆ ಬಂದು ನಿಂತಿತ್ತು. ಎದುರಿಗೆ ಮರವಿಲ್ಲ, ಕಂಬವಿಲ್ಲ, ಗೋಪುರವಿಲ್ಲ. ಬರೀ ಮಂಜು.

ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ಅವರ ಕುತ್ತಿಗೆಯ ಬೆವರು ನನಗೆ ಕಂಡಿತು, ಆ ಚಳಿಯಲ್ಲಿ. "ಬೇಡ ರೀ, ಚೆಂಡು ಕಳೆದುಹೋಯ್ತು ಅನ್ನೋಣ" ಎಂದು ಮೆತ್ತಗೆ ಹೇಳಿದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಚೆಂಡು ಬೆಳ್ಳಗೆ ಕೂತಿತ್ತು. ಅವರು ಸುತ್ತ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕೆಳಗೆ ಹೋಗಿ ನನ್ನ ಎದುರಿಗೆ ನಿಂತ್ಕೊ. ಹನ್ನೆರಡು ಹೆಜ್ಜೆ. ಏನಾದ್ರೂ ಅಲ್ಲಾಡಬೇಡ."

"ನೀವು ಬಿದ್ರೆ?"

"ಬಿದ್ರೂ ಅಲ್ಲಾಡಬೇಡ. ನೀನು ಅಲ್ಲಾಡಿದ್ರೆ ಖಂಡಿತಾ ಬೀಳ್ತೀನಿ."

ಕೆಳಗೆ ಹೋಗಿ ನಿಂತೆ. ಪ್ರಾರ್ಥನೆಗೆ ಅಲ್ಲಾಡದೆ ನಿಲ್ಲಿ ಎಂದು ಸಾವಿರಾರು ಮಕ್ಕಳನ್ನು ಗದರಿಸಿದವಳು ನಾನು. ಅಷ್ಟು ವರ್ಷವೂ ಆ ಮಕ್ಕಳ ಮುಂದೆ ನಾನು ಮಾತ್ರ ಆಚೆಯಿಂದ ಈಚೆಗೆ ಓಡಾಡುತ್ತಲೇ ಇರುತ್ತಿದ್ದೆ. ಅವರು ತಲೆ ಬಗ್ಗಿಸಿ ಕೋಲನ್ನು ಚೆಂಡಿನ ಹಿಂದೆ ಇಟ್ಟರು. ತಲೆ ಎತ್ತುವಾಗ ಮೈ ಮುಂದಕ್ಕೆ ತೂಗಿತು. ಆಗ ಅವರ ಕಣ್ಣು ನನ್ನನ್ನು ಹಿಡಿದುಕೊಂಡಿತು. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಹೊತ್ತು ಒಂದೇ ಸಮ ನೋಡಿದ್ದು ನನಗೆ ನೆನಪಿಲ್ಲ. ಮದುವೆಗೆ ಮುಂಚೆ ನೋಡಲು ಬಂದಾಗಲೂ ಉಪ್ಪಿಟ್ಟಿನ ತಟ್ಟೆಯನ್ನೇ ಹೆಚ್ಚು ನೋಡಿದ್ದರು.

ಆಗ ನನ್ನ ಎಡಗಾಲಿಗೆ ಏನೋ ಚುರ್ ಎಂದಿತು. ಇನ್ನೊಂದು ಕಡೆ ಚುರ್. ಹನ್ನೆರಡು ಹೆಜ್ಜೆ ಎಣಿಸಿ ನಾನು ನಿಂತದ್ದು ಕೆಂಪು ಇರುವೆಯ ಗೂಡಿನ ಮೇಲೆ. ಬಗ್ಗಿ ನೋಡುವ ಹಾಗಿಲ್ಲ. ಪಾದ ಹತ್ತಿದವು, ಸೀರೆಯ ಒಳಗೆ ಮೀನಖಂಡ ಹತ್ತಿದವು. ಮೇಲೆ ಅವರು ಕೋಲು ಹಿಂದಕ್ಕೆ ಎತ್ತಿದರು. ಎತ್ತಿದ ಹಾಗೇ ಒಮ್ಮೆ ವಾಲಿದರು, ಎಡಕ್ಕೆ, ಆ ಹಸುವಿನ ದಿನ ವಾಲಿದಂತೆಯೇ. ಓಡಿಬಿಡಬೇಕು ಎಂದು ನನ್ನ ಕಾಲು ಹೊರಟೇಬಿಟ್ಟಿತ್ತು. ಹೇಗೆ ನಿಲ್ಲಿಸಿದೆನೋ ಗೊತ್ತಿಲ್ಲ. ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಅವರು ಬೀಳುತ್ತಿದ್ದಾರೆ, ನಾನು ಕಂಬದ ಹಾಗೆ ನಿಂತಿದ್ದೇನೆ, ಇಂಥ ಹೆಂಡತಿ ಯಾರಿಗಿರುತ್ತಾಳೆ ಎಂದು ಮನಸ್ಸಿನಲ್ಲೇ ನನ್ನನ್ನು ಬೈದುಕೊಂಡೆ. ವಾಲಿದ ಮೈ ಎಲ್ಲೋ ಒಂದು ಕಡೆ ತಡೆದು, ನಿಧಾನವಾಗಿ ವಾಪಸ್ಸು ಬಂತು. ಕೋಲು ಇಳಿಯಿತು. ಟಕ್ ಎಂದು ಶಬ್ದವಾಯಿತು.

ಚೆಂಡು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ. ಬ್ರೌನಿನ ಅಂಚಿಗೆ ಬಿತ್ತು ಎಂದು ಆಮೇಲೆ ಹೇಳಿದರು. ಈಚೆಗೆ ಅವರೇ ಆ ಕತೆ ಹೇಳುವಾಗ ಅದು ಗುಳಿಯ ಬಾಯಿಗೆ ಬಂದಿದೆ. ಪಂದ್ಯವನ್ನಂತೂ ನಾವು ಸೋತೆವು. ನಾನು ಕಂಡದ್ದು ಇಷ್ಟೆ, ಹೊಡೆದ ಮೇಲೂ ಅವರು ಎರಡು ಕಾಲ ಮೇಲೆ ನಿಂತಿದ್ದರು.

"ಆಯ್ತು" ಎಂದರು ಮೇಲಿನಿಂದ.

ನಾನು ಕುಣಿಯತೊಡಗಿದೆ. ಸೀರೆ ಎತ್ತಿ ಹಿಡಿದು, ಒಂದು ಕಾಲು ಬಿಟ್ಟು ಒಂದು ಕಾಲು ಒದರುತ್ತಾ, ಅಯ್ಯಯ್ಯೋ ಎಂದು ಕೂಗುತ್ತಾ ಕುಣಿದೆ. ಎಂಜಿನಿಯರುಗಳು ಚಪ್ಪಾಳೆ ತಟ್ಟಿದರು. "ಪಾತೀರಾ, ನೋಡಿದ್ರಾ! ಮೇಡಂಗೆ ನಮ್ ಎಲ್ಲಾರ್ಗಿಂತ ಜಾಸ್ತಿ ಹುಚ್ಚು!" ಎಂದು ಫೌಂಡ್ರಿಯವರು ಮಂಜು ಬೆಚ್ಚುವಂತೆ ಕೂಗಿದರು. ಆ ಮೈದಾನದಲ್ಲಿ ನನ್ನ ಗಾಲ್ಫ್ ಪ್ರೇಮ ಇವತ್ತಿಗೂ ಪ್ರಸಿದ್ಧವಾಗಿದೆ. ಹೊಸ ವರ್ಷಕ್ಕೆ ಯಾರೋ ನನಗೊಂದು ಗಾಲ್ಫ್ ಟೋಪಿ ಕಳಿಸಿದರು.

ನಿಜ ಏನೆಂದು ತಿಳಿದದ್ದು ಒಬ್ಬರಿಗೆ ಮಾತ್ರ. ಅವರು ಕೋಲನ್ನು ಅಲ್ಲೇ ಬಿಟ್ಟು ದಿಣ್ಣೆ ಇಳಿದು ಬಂದರು. ಯಾರನ್ನೂ ಹಿಡಿಯದೆ, ನನ್ನ ಮೇಲೆ ಕಣ್ಣಿಟ್ಟುಕೊಂಡು, ಒಂದೊಂದೇ ಹೆಜ್ಜೆ ಬಂದರು. ನನ್ನನ್ನು ತೋಳು ಹಿಡಿದು ಗೂಡಿನಿಂದ ಈಚೆಗೆ ಎಳೆದರು. ಆಮೇಲೆ ಒಂದು ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡು, ಹತ್ತು ತಿಂಗಳಿಂದ ಬಗ್ಗಿಸಲು ಹೆದರುತ್ತಿದ್ದ ತಲೆಯನ್ನು ಪೂರ್ತಿ ಬಗ್ಗಿಸಿ, ಇನ್ನೊಂದು ಕೈಯಲ್ಲಿ ನನ್ನ ಪಾದದ ಮೇಲಿನ ಇರುವೆಗಳನ್ನು ಕೊಡವತೊಡಗಿದರು.

"ತಿರುಗ್ತಾ ಇದೆಯಾ?" ಎಂದು ಕೇಳಿದೆ.

"ತಿರುಗ್ತಾ ಇದೆ" ಎಂದರು ತಲೆ ಎತ್ತದೆ. "ನೀನು ನಿಂತಿರು."

ನಿಂತೆ.